ಹುಲ್ಲು, ಸಗಣಿ ಮತ್ತು ಸಿಗಡಿಯ ಚಿಪ್ಪು

ಹೊಲದಲ್ಲಿ ಉಳಿಯುವ ಹುಲ್ಲು, ಹೊಟ್ಟು, ಸಗಣಿಗೂ ಮೀನು–ಸಿಗಡಿ ಸಾಕಣೆಯಲ್ಲಿ ಉಳಿಯುವ ತಲೆ, ಕರುಳು, ಚಿಪ್ಪು, ಕೊಳದ ಕೆಸರಿಗೂ ಮೇಲ್ನೋಟಕ್ಕೆ ಯಾವ ನಂಟೂ ಕಾಣದಿದ್ದರೂ, ರಸಾಯನಶಾಸ್ತ್ರದ ಲೆಕ್ಕದಲ್ಲಿ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಭತ್ತದ ಹುಲ್ಲಿನಲ್ಲಿ ಇಂಗಾಲ ಹೇರಳ, ಸಾರಜನಕ ಅತ್ಯಲ್ಪ. ಮೀನಿನ ತ್ಯಾಜ್ಯದಲ್ಲಿ ಸಾರಜನಕವೇ ಧಾರಾಳ. ಗೋಬರ್ ಗ್ಯಾಸ್ ಗುಂಡಿಯ ಯಶಸ್ಸು ನಿಂತಿರುವುದು ಈ ಎರಡರ ಹೊಂದಾಣಿಕೆಯ ಮೇಲೆ.

ಗಾಳಿ ಸೋಕದ ಗುಂಡಿಯಲ್ಲಿ ಒಂದು ಗುಂಪಿನ ಸೂಕ್ಷ್ಮಜೀವಿಗಳು ಪಿಷ್ಟ, ನಾರು, ಕೊಬ್ಬು, ಪ್ರೋಟೀನುಗಳನ್ನು ಒಡೆದು ಕರಗಿಸುತ್ತವೆ, ಇನ್ನೊಂದು ಗುಂಪು ಅದನ್ನು ಹುಳಿಯಾಗಿಸುತ್ತದೆ, ಕೊನೆಯ ಗುಂಪು ಆ ಹುಳಿಯನ್ನು ಉಂಡು ಮೀಥೇನ್ ಬಿಡುತ್ತದೆ. ಹೀಗೆ ದೊರೆಯುವ ಜೈವಿಕ ಅನಿಲದಲ್ಲಿ ಶೇ. 55ರಿಂದ 65ರಷ್ಟು ಮೀಥೇನ್, ಉಳಿದದ್ದು ಬಹುಪಾಲು ಇಂಗಾಲದ ಡೈಆಕ್ಸೈಡ್. ಮೀಥೇನ್ ತಯಾರಿಸುವ ಜೀವಿಗಳು ಬಹಳ ನಾಜೂಕಿನವು: ಒಂದು ಪಾಲು ಸಾರಜನಕಕ್ಕೆ 20ರಿಂದ 30 ಪಾಲು ಇಂಗಾಲವಿದ್ದರೆ ಅವು ಚೆನ್ನಾಗಿ ಕೆಲಸ ಮಾಡುತ್ತವೆ. ಸಗಣಿ ಹೆಚ್ಚುಕಡಿಮೆ ಈ ಪ್ರಮಾಣದಲ್ಲೇ ಇರುವುದರಿಂದ ಸುಮಾರು 25 ಕಿಲೋ ಸಗಣಿಯಿಂದ ಒಂದು ಘನ ಮೀಟರ್ ಅನಿಲ ಸಲೀಸಾಗಿ ಸಿಗುತ್ತದೆ. ಹುಲ್ಲನ್ನಷ್ಟೇ ತುಂಬಿದರೆ ಅದು ತಿಂಗಳುಗಟ್ಟಲೆ ಕರಗದು. ಮೀನಿನ ಕರುಳನ್ನಷ್ಟೇ ಸುರಿದರೆ ಅಮೋನಿಯ ಏರಿ ಗುಂಡಿಯೇ ಸ್ತಬ್ಧವಾಗುತ್ತದೆ. ಸಗಣಿಯ ಬಗ್ಗಡಕ್ಕೆ ಕತ್ತರಿಸಿದ ಹುಲ್ಲನ್ನೂ ಮೀನಿನ ತ್ಯಾಜ್ಯವನ್ನೂ ಅಳತೆಯಿಂದ ಬೆರೆಸುವುದೇ ಇದಕ್ಕೆ ಪರಿಹಾರ. ಆದರೆ ಚೌಳು ನೀರಿನ ಸಿಗಡಿ ಕೊಳದ ಕೆಸರನ್ನು ನೇರವಾಗಿ ಹಾಕುವಂತಿಲ್ಲ, ಏಕೆಂದರೆ ಹೆಚ್ಚಿದ ಉಪ್ಪು ಈ ಜೀವಿಗಳನ್ನು ಕುಗ್ಗಿಸುತ್ತದೆ.

ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರ ನೇತೃತ್ವದಲ್ಲಿ ಆರಂಭವಾದ ‘ಅಸ್ತ್ರ’ ತಂಡವು ತುಮಕೂರು ಜಿಲ್ಲೆಯ ಪುರ ಗ್ರಾಮದಲ್ಲಿ ಸಗಣಿ ಅನಿಲದಿಂದ ಎಂಜಿನ್ ಓಡಿಸಿ ಮನೆಗಳಿಗೆ ದೀಪವನ್ನೂ ಕುಡಿಯುವ ನೀರನ್ನೂ ಒದಗಿಸಿತು. ಊರಿನವರು ಸಗಣಿ ತಂದುಕೊಡುತ್ತಿದ್ದರು, ಅನಿಲ ತೆಗೆದುಳಿದ ಬಗ್ಗಡ ಗೊಬ್ಬರವಾಗಿ ಅವರಿಗೇ ಮರಳುತ್ತಿತ್ತು. ಗುಂಡಿಯಲ್ಲಿ ಇಂಗಾಲ ಅನಿಲವಾಗಿ ಹೊರಟುಹೋದರೂ ಸಾರಜನಕ, ರಂಜಕ, ಪೊಟ್ಯಾಷ್‌ಗಳು ಬಹುಮಟ್ಟಿಗೆ ಬಗ್ಗಡದಲ್ಲೇ ಉಳಿಯುತ್ತವೆ ಎಂಬುದನ್ನು ಗಮನಿಸಿದರೆ, ಸಗಣಿಯನ್ನು ಬೆರಣಿ ತಟ್ಟಿ ಸುಡುವುದು ಎಷ್ಟು ದೊಡ್ಡ ನಷ್ಟ ಎಂಬುದು ತಿಳಿಯುತ್ತದೆ.

ಹಾಗೆಂದು ಎಲ್ಲ ತ್ಯಾಜ್ಯವನ್ನೂ ಗುಂಡಿಗೇ ಸುರಿಯುವುದು ಜಾಣತನವಲ್ಲ. ಬೆಲೆಬಾಳುವುದನ್ನು ಮೊದಲು ಬೇರ್ಪಡಿಸಿ, ಉಳಿದದ್ದನ್ನು ಅನಿಲಕ್ಕೆ ಕೊಡಬೇಕು. ಸಿಗಡಿಯ ತೂಕದಲ್ಲಿ ಅರ್ಧದ ಹತ್ತಿರ ಹತ್ತಿರ ತಲೆ–ಚಿಪ್ಪಿನ ರೂಪದಲ್ಲಿ ಕಸವಾಗುತ್ತದೆ. ಆ ಚಿಪ್ಪಿನಲ್ಲಿ ಸುಣ್ಣದ ಅಂಶ, ಪ್ರೋಟೀನು ಮತ್ತು ಕೈಟಿನ್ ಎಂಬ ಗಟ್ಟಿ ನಾರು ಹೆಣೆದುಕೊಂಡಿರುತ್ತವೆ. ಈ ಕೈಟಿನ್ನನ್ನು ಫ್ರಾನ್ಸಿನ ಹೆನ್ರಿ ಬ್ರಾಕೊನೊ 1811ರಲ್ಲಿ ಮೊದಲು ಗುರುತಿಸಿದ್ದು ಅಣಬೆಯಲ್ಲಿ. ಚಿಪ್ಪನ್ನು ತೆಳು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ನೆನೆಸಿದಾಗ ಸುಣ್ಣವು ನೊರೆಯುಕ್ಕಿಸಿ ಕರಗುತ್ತದೆ, ತೆಳು ಕಾಸ್ಟಿಕ್ ಸೋಡಾದಲ್ಲಿ ಕಾಯಿಸಿದಾಗ ಪ್ರೋಟೀನು ಬಿಟ್ಟುಕೊಳ್ಳುತ್ತದೆ, ಉಳಿದ ಕೈಟಿನ್ನನ್ನು ಗಾಢ ಕಾಸ್ಟಿಕ್ ಸೋಡಾದಲ್ಲಿ ಬೇಯಿಸಿದರೆ ಕೈಟೊಸಾನ್ ಆಗುತ್ತದೆ. ರಕ್ತ ಬೇಗ ಹೆಪ್ಪುಗಟ್ಟಿಸುವ ಗಾಯದ ಪಟ್ಟಿಗೂ ನೀರಿನ ಶುದ್ಧೀಕರಣಕ್ಕೂ ಈ ಕೈಟೊಸಾನ್ ಬಳಕೆಯಾಗುತ್ತದೆ. ತೊಳೆದ ಆಮ್ಲ–ಕ್ಷಾರದ ನೀರನ್ನು ಸಂಸ್ಕರಿಸದೆ ಹಳ್ಳಕ್ಕೆ ಬಿಟ್ಟರೆ ಮಾತ್ರ ಒಂದು ಮಾಲಿನ್ಯ ತೊಲಗಿಸಲು ಇನ್ನೊಂದನ್ನು ಹುಟ್ಟಿಸಿದಂತೆ.

ಮೀನಿನ ತಲೆ–ಕರುಳಿಗೆ ಇನ್ನೂ ಸರಳವಾದ ದಾರಿಯಿದೆ. ಅವನ್ನು ನುಣ್ಣಗೆ ಕೊಚ್ಚಿ, ಇರುವೆಯ ವಿಷದಲ್ಲಿಯೂ ಇರುವ ಫಾರ್ಮಿಕ್ ಆಮ್ಲವನ್ನು ಶೇ. 3ರಷ್ಟು ಬೆರೆಸಿದರೆ ಕೊಳೆಸುವ ಬ್ಯಾಕ್ಟೀರಿಯಾ ಅಡಗಿ, ಕರುಳಿನದೇ ಕಿಣ್ವಗಳು ಕೆಲವು ದಿನಗಳಲ್ಲಿ ಇಡೀ ರಾಶಿಯನ್ನು ಗಂಜಿಯಂತೆ ನೀರಾಗಿಸುತ್ತವೆ. ಕೆಡದೆ ಉಳಿಯುವ ಈ ದ್ರವ ಕೋಳಿ, ಹಂದಿಗಳ ಮೇವಿನಲ್ಲಿ ಸೇರುತ್ತದೆ.

ಹೊಲ ಮತ್ತು ಕೊಳದ ಈ ಕೊಡುಕೊಳ್ಳುವಿಕೆ ಕರಾವಳಿಗೆ ಹೊಸದಲ್ಲ. ಕುಮಟಾ ಬಳಿಯ ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳಲ್ಲಿ ಮಳೆಗಾಲದಲ್ಲಿ ಉಪ್ಪು ತಾಳಿಕೊಳ್ಳುವ ಕಗ್ಗ ಭತ್ತವನ್ನು ಬೆಳೆದು, ಕೊಯ್ಲಾದ ಮೇಲೆ ಅದೇ ಗದ್ದೆಗೆ ಉಬ್ಬರದ ನೀರು ಬಿಟ್ಟು ಸಿಗಡಿ, ಮೀನು ಹಿಡಿಯುವ ರೂಢಿಯಿದೆ. ಗದ್ದೆಯಲ್ಲಿ ಉಳಿದ ಕೂಳೆ ಕೊಳೆತು ಮೀನು–ಸಿಗಡಿಗೆ ಆಹಾರವಾಗುತ್ತದೆ, ಅವುಗಳ ಹಿಕ್ಕೆ ಮುಂದಿನ ಬೆಳೆಗೆ ಗೊಬ್ಬರವಾಗುತ್ತದೆ. ಕಗ್ಗಕ್ಕೆ ರೈತರು ಹೊರಗಿನಿಂದ ಗೊಬ್ಬರ ತರುವುದಿಲ್ಲ.