ತಲಕಾಡಿನ ಮರಳಿಗೆ ಮನೆಗಾಡಿಯ ಪಯಣ

ಅಮೆರಿಕ ದೇಶದ ಪಶ್ಚಿಮ ಭಾಗದಲ್ಲಿ ವಯಸ್ಸಾದ ದಂಪತಿಗಳು ಹಾಸಿಗೆ, ಒಲೆ, ನೀರಿನ ತೊಟ್ಟಿಗಳನ್ನೆಲ್ಲ ಒಳಗೇ ಅಳವಡಿಸಿದ ದೊಡ್ಡ ಮೋಟಾರು ಬಂಡಿಯಲ್ಲಿ ಮರುಭೂಮಿಯನ್ನೂ ಕಮರಿಗಳನ್ನೂ ನೋಡುತ್ತ ತಿಂಗಳುಗಟ್ಟಲೆ ತಿರುಗುವರೆಂಬುದನ್ನು ವಾಚಕರು ಕೇಳಿರಬಹುದು. ಅಲ್ಲಿ ಕೊಲರಾಡೊ ನದಿಯು ಕೊರೆದಿರುವ ಮಹಾಕಮರಿಯು ಸುಮಾರು 446 ಕಿಲೋಮೀಟರು ಉದ್ದ. ಕೆಲವೆಡೆ ಒಂದು ಮೈಲಿಗೂ ಮಿಕ್ಕ ಆಳ. ಅಷ್ಟು ದೂರ ಹೋಗುವ ಶಕ್ತಿಯೂ ಧನವೂ ನಮಗಿಲ್ಲ. ಆದರೆ ಮರಳುಗುಡ್ಡ, ಕಮರಿ ಎರಡೂ ಮೈಸೂರಿನಿಂದ ಒಂದು ಹಗಲಿನ ದಾರಿಯೊಳಗೇ ಇರುವುವಲ್ಲವೆ? ಕಳೆದ ಮಾಗಿಯಲ್ಲಿ ನಾವು ದಂಪತಿಗಳು ಅಂತಹದೇ ಒಂದು ಸಣ್ಣ ಬಂಡಿಯನ್ನು ಬಾಡಿಗೆಗೆ ಪಡೆದು ಹೊರಟೆವು. ಇದೇನೂ ಹೊಸ ಪದ್ಧತಿಯಲ್ಲ. ನಮ್ಮ ಹಿರಿಯರು ಕಮಾನುಗಾಡಿಯಲ್ಲಿ ಹುಲ್ಲು ತುಂಬಿ, ಮೇಲೆ ಜಮಖಾನ ಹಾಸಿ, ಪಾತ್ರೆ ಪಡಗಗಳನ್ನು ಕಟ್ಟಿಕೊಂಡು ನಂಜನಗೂಡಿನ ದೊಡ್ಡಜಾತ್ರೆಗೆ ಹೋಗುತ್ತಿದ್ದುದೂ ಮನೆಯೊಡನೆಯೇ.

ನಂಜನಗೂಡಿನಲ್ಲಿ ಕಪಿಲೆಯ ಮೇಲೆ 1735ರಲ್ಲಿ ಕಟ್ಟಿದ ಕಲ್ಲುಸೇತುವೆಯಿದೆ. ಬಂಡಿಗಳಿಗಾಗಿ ಕಟ್ಟಿದ್ದರ ಮೇಲೆ ಮುಂದೆ ರೈಲೂ ಬಹುಕಾಲ ಓಡಿತು. ಈಗ ಅದಕ್ಕೆ ವಿಶ್ರಾಂತಿ. ಪಟ್ಟದ ಆನೆಯ ಕಣ್ಣು ಗುಣವಾದುದಕ್ಕಾಗಿ ಟಿಪ್ಪೂ ಸುಲ್ತಾನನು ಶ್ರೀಕಂಠೇಶ್ವರನನ್ನು ಹಕೀಂ ನಂಜುಂಡನೆಂದು ಕರೆದನೆಂಬ ಕಥೆಯನ್ನು ಇಂದಿಗೂ ಹೇಳುವರು. ದರ್ಶನವಾದ ಮೇಲೆ ಮನೆಯಾಕೆ ರಸಬಾಳೆಯನ್ನು ಹುಡುಕಿದಳು. ಸೊರಗು ರೋಗದಿಂದ ಆ ಬೆಳೆಯೇ ವಿರಳವಾಗಿರುವುದರಿಂದ, ರಸಬಾಳೆಯೆಂದು ಮಾರುವುದೆಲ್ಲವೂ ರಸಬಾಳೆಯಲ್ಲ, ಕೊಳ್ಳುವವರು ಎಚ್ಚರದಿಂದಿರಬೇಕು.

ತಿರುಮಕೂಡಲು ನರಸೀಪುರದಲ್ಲಿ ಕಾವೇರಿ ಕಪಿಲೆಯರ ಸಂಗಮವನ್ನು ಕಂಡು, ಅದೇ ತಾಲ್ಲೂಕಿನ ಸೋಮನಾಥಪುರಕ್ಕೆ ಹೋದೆವು. ಹೊಯ್ಸಳ ದಂಡನಾಯಕ ಸೋಮನಾಥನು 1258ರಲ್ಲಿ ಕಟ್ಟಿಸಿದ ಕೇಶವ ದೇವಾಲಯವು 2023ರಲ್ಲಿ ಬೇಲೂರು ಹಳೇಬೀಡುಗಳೊಡನೆ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಅದರ ವಿಚಾರವೇ ಬೇರೊಂದು ಲೇಖನವಾಗುವಷ್ಟಿದೆ.

ನಾವು ಹೊರಟುದು ಮುಖ್ಯವಾಗಿ ತಲಕಾಡಿಗಾಗಿ. ಒಂದು ಕಾಲಕ್ಕೆ ಗಂಗರ ರಾಜಧಾನಿ. ಆಮೇಲೆ ಚೋಳರ ವಶ. ಅವರಿಂದ ಗೆದ್ದು ವಿಷ್ಣುವರ್ಧನನು ತಲಕಾಡುಗೊಂಡನೆಂಬ ಬಿರುದನ್ನು ತಾಳಿ, 1117ರ ಸುಮಾರಿಗೆ ಕೀರ್ತಿನಾರಾಯಣನ ಗುಡಿಯನ್ನು ಕಟ್ಟಿಸಿದನು. ಅಂತಹ ಪಟ್ಟಣವಿಂದು ಮರಳಿನಡಿಯಲ್ಲಿದೆ. ನೆರಳಿನಲ್ಲಿ ನಡೆದುಹೋಗುತ್ತಿರುವಾಗ ಹಠಾತ್ತಾಗಿ ಕಾಲಕೆಳಗೆ ಹಳ್ಳ ತೆರೆದು, ಅದರ ತಳದಲ್ಲಿ ಗುಡಿಯೊಂದು ಕಾಣುವುದು. ದೇವರನ್ನು ನೋಡಲು ಇಳಿದುಹೋಗಬೇಕು.

ಮರಳು ಬಂದುದು ಹೇಗೆ? ನದಿಯು ಇಲ್ಲಿ ದೊಡ್ಡದಾಗಿ ಬಾಗಿ ಹರಿಯುತ್ತದೆ. ಹದಿನಾಲ್ಕನೆಯ ಶತಮಾನದಲ್ಲಿ ವಿಜಯನಗರದ ಮಾಧವಮಂತ್ರಿಯು ಮೇಲುಗಡೆ ಅಣೆಕಟ್ಟನ್ನು ಕಟ್ಟಿಸಿದ ಮೇಲೆ ಬಾಗಿನಲ್ಲಿ ನೀರು ತಗ್ಗಿ ಮರಳು ಬಯಲಾಯಿತೆಂದೂ, ನೈಋತ್ಯದ ಗಾಳಿಯು ಅದನ್ನೆತ್ತಿ ಊರ ಮೇಲೆ ಸುರಿಯಿತೆಂದೂ ವಿದ್ವಾಂಸರು ಹೇಳುವರು. ವರ್ಷಕ್ಕೆ ಒಂಬತ್ತು ಹತ್ತು ಅಡಿಗಳಂತೆ ಮರಳು ಮುಂದೊತ್ತುತ್ತಿದ್ದುದು ಹಳೆಯ ಗೆಜೆಟಿಯರಿನಲ್ಲಿ ದಾಖಲಾಗಿದೆ. ಈಗ ನೀಲಗಿರಿ, ಸರ್ವೆ ಮರಗಳ ಬೇರು ಬಹಳಮಟ್ಟಿಗೆ ಅದನ್ನು ಹಿಡಿದು ನಿಲ್ಲಿಸಿದೆ.

ಜನರು ಹೇಳುವ ಕಾರಣ ಬೇರೆ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡಾಗ ಅಲ್ಲಿನ ಪ್ರತಿನಿಧಿಯ ರಾಣಿ ಅಲಮೇಲಮ್ಮನು ಒಡವೆಗಳೊಡನೆ ಈ ಕಡೆಗೆ ಬಂದಳು. ಒಡವೆಗಾಗಿ ಭಟರು ಬೆನ್ನಟ್ಟಲು, ತಲಕಾಡು ಮರಳಿನಿಂದ ಮುಚ್ಚಲೆಂದೂ, ಮಾಲಂಗಿಯು ಮಡುವಾಗಲೆಂದೂ, ಮೈಸೂರಿನ ದೊರೆಗಳಿಗೆ ಸಂತಾನವಿಲ್ಲದಿರಲೆಂದೂ ಶಪಿಸಿ ಮಡುವಿಗೆ ಹಾರಿದಳಂತೆ. ಅರಮನೆಯಲ್ಲಿ ಆಕೆಯ ಮೂರ್ತಿಗೆ ಪೂಜೆ ಸಲ್ಲುವುದು ಮಾತ್ರ ನಿಜ.

ಈ ಕಥೆಯನ್ನು ಮನೆಯಾಕೆಯ ಮುಂದೆ ಎತ್ತಬಾರದೆಂದು ನಾವು ಮೊದಲೇ ನಿಶ್ಚಯಿಸಿದ್ದೆವು. ಮದುವೆಯಾಗಿ ಮೂವತ್ತೊಂದು ವರ್ಷವಾದರೂ ನಮಗೆ ಮಕ್ಕಳಿಲ್ಲ. ಮದುವೆಮುಂಜಿಗಳಲ್ಲಿ ಮಕ್ಕಳೆಷ್ಟೆಂದು ಯಾರಾದರೂ ಕೇಳಿದರೆ ಆಕೆ ಮೆಲ್ಲನೆ ಎದ್ದುಹೋಗುವುದನ್ನು ಬಲ್ಲೆವು. ಆದರೆ ವೈದ್ಯೇಶ್ವರನ ಗುಡಿಯ ಬಳಿ ಹೂ ಮಾರುತ್ತಿದ್ದ ಮುದುಕಿ ಬಿಡಬೇಕೆ! ಶಾಪದ ಕಥೆಯನ್ನೆಲ್ಲ ಹೇಳಿ ಮುಗಿಸಿ, “ಮಕ್ಳೆಷ್ಟವ್ವಾ ನಿಂಗೆ?” ಎಂದು ಕೇಳಿಯೇಬಿಟ್ಟಳು.

“ಇಲ್ಲಮ್ಮ.”

ಮುದುಕಿ ಹೂವಿನ ಮೊಳ ಹಾಕುತ್ತ, “ಹೋಗ್ಲಿ ಬುಡವ್ವ, ದೊರೆಗೋಳ್ಗೇ ಇರ್ನಿಲ್ಲ” ಎಂದಳು.

ನಾವು ಗಾಬರಿಯಿಂದ ಮನೆಯಾಕೆಯ ಮುಖವನ್ನು ನೋಡಿದೆವು. ಆಕೆ ನಗುತ್ತಿದ್ದಳು. ಆ ಪ್ರಶ್ನೆಗೆ ಆಕೆ ನಕ್ಕುದನ್ನು ನಾವು ಕಂಡುದು ಅದೇ ಮೊದಲು. ಮುದುಕಿಯ ಪಕ್ಕದಲ್ಲೇ ಕುಳಿತು ಅರ್ಧ ಗಂಟೆ ಅದೇನೇನು ಮಾತಾಡಿದಳೋ!

ನಿಜಕ್ಕೂ ದೊರೆಗಳಲ್ಲಿ ಕೆಲವರಿಗೆ ಸಂತಾನವಿದ್ದಿತು, ಕೆಲವರು ದತ್ತು ಪಡೆದರು. 2015ರಲ್ಲಿ ದತ್ತುಸ್ವೀಕಾರದಿಂದ ಬಂದ ಯದುವೀರ ಒಡೆಯರಿಗೆ 2017ರಲ್ಲಿ ಗಂಡುಮಗುವಾಯಿತು. ಇದನ್ನು ನಾವು ತಿಳಿಸಿದಾಗ ಆಕೆ, “ಒಳ್ಳೆಯದಾಯಿತು, ಪಾಪ” ಎಂದಳು.

ಒಂದೆರಡು ಮಾತು ಹೋಗುವವರಿಗಾಗಿ. ಬಿಸಿಲೇರಿದ ಮೇಲೆ ಮರಳಿನಲ್ಲಿ ಬರಿಗಾಲಲ್ಲಿ ನಡೆಯಲಾಗದು, ಬೆಳಗಿನಲ್ಲೇ ಹೋಗತಕ್ಕದ್ದು. ನದಿಯ ಅಂಚು ತೆಳುವಾಗಿ ಕಂಡರೂ ಒಳಗೆ ಮಡುಗಳಿವೆ, ಸ್ನಾನಕ್ಕಿಳಿದು ಪ್ರಾಣ ಕಳೆದುಕೊಂಡವರಿದ್ದಾರೆ. ಮಕ್ಕಳನ್ನು ಕೈಬಿಡಬಾರದು.

ಸಂಜೆಗೆ ಶಿವನಸಮುದ್ರವನ್ನು ಸೇರಿದೆವು. ಇಲ್ಲಿ ಕಾವೇರಿಯು ಎರಡಾಗಿ ಸೀಳಿ ಗಗನಚುಕ್ಕಿ, ಭರಚುಕ್ಕಿಗಳಾಗಿ ಕಮರಿಗೆ ಬೀಳುವಳು. ಆ ಕಮರಿಯ ತಳದಲ್ಲಿ ಹುಟ್ಟಿದ ವಿದ್ಯುತ್ತು 1902ರಲ್ಲಿ ತೊಂಬತ್ತು ಮೈಲಿಗೂ ಹೆಚ್ಚು ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು. ಬೆಂಗಳೂರಿನ ಬೀದಿಗೆ ದೀಪ ಬಂದುದು 1905ರಲ್ಲಿ. ಮಾಗಿಯಾದುದರಿಂದ ನೀರು ಕಡಿಮೆ, ಬಂಡೆಯೇ ಹೆಚ್ಚು ಕಂಡಿತು. ತಂಗುದಾಣವೊಂದರ ಅಂಗಳದಲ್ಲಿ ಅಪ್ಪಣೆ ಪಡೆದು ಬಂಡಿಯನ್ನು ನಿಲ್ಲಿಸಿದೆವು. ಮನೆಯಾಕೆ ಒಳಗಿನ ಪುಟ್ಟ ಒಲೆಯ ಮೇಲೆ ಅನ್ನಕ್ಕಿಟ್ಟು, ನಾಳೆ ತಲಕಾಡಿನ ಮೇಲೆಯೇ ಹಿಂದಿರುಗೋಣವೆಂದಳು. ಹಾಗೆಯೇ ಮಾಡಿದೆವು.