ನೋಡುವ ಕಣ್ಣು, ಕುಣಿಯುವ ಕಾಲು

ಕಾರ್ಕಳ ತಾಲೂಕಿನ ಮಿಯ್ಯಾರಿನಲ್ಲಿ ಲವ-ಕುಶ ಜೋಡುಕರೆ ಕಂಬಳ ನಡೆಯುವ ದಿನ ಕೋಣಗಳನ್ನೇ ನೋಡುತ್ತ ನಿಂತವರಿಗೆ ಇನ್ನೊಂದು ಸೊಗಸಾದ ನೋಟ ತಪ್ಪಿಹೋಗುತ್ತದೆ. ಗಂತಿನಿಂದ ಬಿಟ್ಟ ಕೋಣಗಳು ಕೆಸರುನೀರನ್ನು ಆಳೆತ್ತರಕ್ಕೆ ಚಿಮ್ಮಿಸುತ್ತ ಮಂಜೊಟ್ಟಿಯತ್ತ ಧಾವಿಸುತ್ತಿರುವಾಗ ಕ್ಷಣಮಾತ್ರ ಮುಖ ತಿರುಗಿಸಿ, ಕರೆಯ ಅಂಚಿನಲ್ಲಿ ಸಾಲುಗಟ್ಟಿದ ಜನರನ್ನು ನೋಡಬೇಕು. ಒಬ್ಬರ ಭುಜ ಮುಂದಕ್ಕೆ ಬಾಗಿದೆ. ಇನ್ನೊಬ್ಬರ ಹಿಮ್ಮಡಿ ನೆಲ ಬಿಟ್ಟಿದೆ. ಅಂಗಿಯ ಇಸ್ತ್ರಿ ಕೆಡದಂತೆ ಎಚ್ಚರದಿಂದ ನಿಂತಿದ್ದ ಸಭ್ಯ ಗೃಹಸ್ಥರೊಬ್ಬರ ಬಲಗೈ ಇಲ್ಲದ ಬೆತ್ತವೊಂದನ್ನು ಎತ್ತಿ ಇಳಿಸುತ್ತಿದೆ. ಕೋಣಗಳ ಹಿಂದೆ ಓಡುವವರು ಇಬ್ಬರೇ. ಆದರೆ ದಡದ ಮೇಲಿನ ನೂರಾರು ಮಂದಿಯ ಮೈಯಲ್ಲಿ ಆ ಓಟದ ಒಂದಂಶ ಹರಿದಿದೆ. ಓಟ ಮುಗಿದೊಡನೆ ಎಲ್ಲರೂ ಏನೂ ಆಗದವರಂತೆ ನೆಟ್ಟಗೆ ನಿಲ್ಲುತ್ತಾರೆ. ಕೇಳಿದರೆ, "ನಾನೆಲ್ಲಿ ಅಲುಗಿದೆ?" ಎಂದಾರು.

ಇದು ಕರಾವಳಿಯ ಜನರಿಗೆ ಮಾತ್ರ ಬಂದ ಗುಣವೇನಲ್ಲ. ಅರ್ಥಶಾಸ್ತ್ರದ ಪಿತಾಮಹನೆಂದು ಹೆಸರಾದ ಆ್ಯಡಮ್ ಸ್ಮಿತ್ 1759 ರಲ್ಲಿ ಪ್ರಕಟಿಸಿದ ನೀತಿಗ್ರಂಥವೊಂದರಲ್ಲಿ ಇದನ್ನೇ ಗುರುತಿಸಿದ್ದಾನೆ. ಸಡಿಲ ಹಗ್ಗದ ಮೇಲೆ ನರ್ತಿಸುವವನನ್ನು ನೋಡುವ ಜನಜಂಗುಳಿ, ಅವನು ಮೈ ಹೊರಳಿಸಿದಂತೆ ತಾನೂ ಹೊರಳಿಸುತ್ತದೆ ಎಂಬುದು ಅವನು ಕಂಡ ಸಂಗತಿ. ಮುಂದೆ 1852 ರಲ್ಲಿ ವಿಲಿಯಂ ಕಾರ್ಪೆಂಟರ್ ಎಂಬ ಇಂಗ್ಲಿಷ್ ವೈದ್ಯನು, ಮನಸ್ಸಿನಲ್ಲಿ ಮೂಡಿದ ಚಲನೆಯ ಕಲ್ಪನೆಯೇ ನಮಗರಿವಿಲ್ಲದೆ ಸ್ನಾಯುಗಳನ್ನು ಅಲುಗಿಸಬಲ್ಲುದೆಂದು ವಾದಿಸಿದನು. ಬಾವಿ ತೋಡುವ ಮುನ್ನ ಕವಲುಕಡ್ಡಿ ಹಿಡಿದು ನೀರು ಹುಡುಕುವವರ ಕೈಯಲ್ಲಿ ಕಡ್ಡಿ ಬಾಗುವುದಕ್ಕೆ ಅವನ ಈ ವಿವರಣೆ ಸಾಕು. ಆದರೆ ಬಾವಿ ತೋಡಿಸುವವರ ಮುಂದೆ ಅದನ್ನು ಆಡಿ ಫಲವಿಲ್ಲ.

ಊಹೆಗೆ ಪ್ರಯೋಗಶಾಲೆಯ ಆಧಾರ ದೊರೆತದ್ದು ಬಹಳ ತಡವಾಗಿ. ಇಟಲಿಯ ಪಾರ್ಮಾ ನಗರದಲ್ಲಿ ಜ್ಯಾಕೊಮೊ ರಿಜೊಲಾಟಿ ಮತ್ತು ಅವರ ಸಂಗಡಿಗರು ಮಂಗಗಳ ಮಿದುಳಿನಲ್ಲಿ, ಕೈಚಲನೆಗೆ ಸಂಬಂಧಿಸಿದ ಭಾಗದ ನರಕೋಶಗಳನ್ನು ಪರೀಕ್ಷಿಸುತ್ತಿದ್ದರು. ಮಂಗವು ತಿನಿಸನ್ನು ಎತ್ತಿಕೊಂಡಾಗ ಮಿಡಿಯುತ್ತಿದ್ದ ಕೆಲವು ಕೋಶಗಳು, ಪ್ರಯೋಗ ನಡೆಸುವವರು ತಿನಿಸನ್ನು ಎತ್ತಿಕೊಳ್ಳುವುದನ್ನು ಮಂಗವು ಸುಮ್ಮನೆ ಕುಳಿತು ನೋಡಿದಾಗಲೂ ಮಿಡಿದವು! 1992 ರಲ್ಲಿ ಈ ವರದಿ ಹೊರಬಂದಿತು. ಕೆಲವು ವರ್ಷಗಳಲ್ಲಿ ಆ ಕೋಶಗಳಿಗೆ ಕನ್ನಡಿ ನರಕೋಶಗಳೆಂಬ ಹೆಸರಾಯಿತು. ಮಾತು, ಕರುಣೆ, ಕಲೆ, ಸಂಸ್ಕೃತಿ ಎಲ್ಲಕ್ಕೂ ಇವೇ ಮೂಲವೆಂದು ಸಾರುವ ಉತ್ಸಾಹಿಗಳೂ ಹುಟ್ಟಿಕೊಂಡರು. ಅಷ್ಟು ದೊಡ್ಡ ಹೊರೆಯನ್ನು ಆ ಪುಟ್ಟ ಕೋಶಗಳ ತಲೆಯ ಮೇಲಿಡುವುದು ನ್ಯಾಯವಲ್ಲ. ಕಂಡದ್ದು ಮೈಯನ್ನು ಮುಟ್ಟುತ್ತದೆ ಎಂಬಷ್ಟಂತೂ ನಿಜ.

ಮುಟ್ಟುವುದಷ್ಟೇ ಅಲ್ಲ, ಕೆಲವೊಮ್ಮೆ ಕೆಡಿಸುವುದೂ ಉಂಟು. 2003 ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಜನರಿಗೆ ತೋಳನ್ನು ಒಂದೇ ನೇರದಲ್ಲಿ ಬೀಸುವಂತೆ ಹೇಳಿ, ಎದುರಿಗೆ ಇನ್ನೊಬ್ಬನನ್ನು ನಿಲ್ಲಿಸಿದರು. ಇವರು ಮೇಲೆ ಕೆಳಗೆ ಬೀಸುವಾಗ ಅವನು ಅತ್ತಿತ್ತ ಬೀಸಿದರೆ ಇವರ ತೋಳು ನೇರ ತಪ್ಪಿ ತಡವರಿಸುತ್ತಿತ್ತು. ಎದುರಿಗೆ ಯಂತ್ರಮಾನವನ ತೋಳು ಹಾಗೆ ಬೀಸಿದಾಗ ಮಾತ್ರ ಅಂತಹ ತಡವರಿಕೆ ಕಾಣಲಿಲ್ಲ. ಮನುಷ್ಯನ ಮೈ ಮನುಷ್ಯನ ಮೈಗೆ ಓಗೊಡುವಂತೆ ಯಂತ್ರಕ್ಕೆ ಓಗೊಡಲಿಲ್ಲ.

ಈ ಮಾತಿನ ಅರ್ಥ ತಿಳಿಯಬೇಕಾದರೆ ಕಾಪುವಿನ ಕಡಲದಂಡೆಗೆ ಹೋಗಬೇಕು. 1901 ರಲ್ಲಿ ಕಟ್ಟಿದ ದೀಪಸ್ತಂಭವನ್ನು ಹತ್ತಿ ನೋಡುವವರೇ ಅಲ್ಲಿ ಹೆಚ್ಚು. ಆದರೆ ಈ ಕರಾವಳಿಯ ಮರಳಿನಲ್ಲಿ ಕೈರಂಪಣಿ ಬಲೆಯನ್ನು ಎಳೆಯುವ ದಿನ ಸಿಕ್ಕಿದರೆ ಸ್ತಂಭವನ್ನು ಮತ್ತೊಂದು ದಿನಕ್ಕೆ ಬಿಡಬಹುದು. ದೋಣಿಯು ಬಲೆಯನ್ನು ಅರ್ಧಚಂದ್ರಾಕಾರವಾಗಿ ನೀರಿಗೆ ಬಿಟ್ಟು ಬರುತ್ತದೆ; ಎರಡು ತುದಿಯ ಹಗ್ಗಗಳನ್ನು ದಡದಲ್ಲಿ ಎರಡು ತಂಡಗಳು ಹಿಡಿಯುತ್ತವೆ. ಎರಡೂ ಕಡೆಯ ಎಳೆತ ಹೊಂದಿಕೊಂಡಿರಬೇಕು. ಎದುರಿಗಿರುವವನ ಬೆನ್ನು ಬಾಗುವುದನ್ನು ಕಂಡು ಹಿಂದಿನವನ ಬೆನ್ನು ಬಾಗುತ್ತದೆ. ದೂರದ ತಂಡದ ಹೆಜ್ಜೆಯನ್ನು ಕಂಡು ಈ ತಂಡದ ಹೆಜ್ಜೆ ನಿಧಾನವಾಗುತ್ತದೆ. ಗಾಳಿಗೆಂದು ಬಂದ ಪರವೂರಿನವನೊಬ್ಬ ಕುತೂಹಲದಿಂದ ಹಗ್ಗಕ್ಕೆ ಕೈಹಚ್ಚಿದರೆ ಯಾರೂ ಅವನಿಗೆ ಪಾಠ ಹೇಳುವುದಿಲ್ಲ. ಹತ್ತು ಎಳೆತಗಳಲ್ಲಿ ಅವನ ಕಾಲು ತಾನಾಗಿ ಸಾಲಿಗೆ ಬರುತ್ತದೆ. ಒಂದು ಕಾಲಕ್ಕೆ ಊರಿಗೆ ಊರೇ ಎಳೆಯುತ್ತಿದ್ದ ದೊಡ್ಡ ರಂಪಣಿಯನ್ನು 1970 ರ ದಶಕದ ಕೊನೆಯಲ್ಲಿ ಬಂದ ಯಾಂತ್ರಿಕ ದೋಣಿಗಳ ಪರ್ಸೀನ್ ಬಲೆ ಮೂಲೆಗೊತ್ತಿತು. ಯಂತ್ರದೊಡನೆ ಹೆಜ್ಜೆ ಹಾಕುವ ಅವಶ್ಯಕತೆ ಯಾರಿಗೂ ಬರಲಿಲ್ಲ.

ಹಾಗಾದರೆ ನೋಡಿದ ಮಾತ್ರಕ್ಕೆ ಕಲಿತಂತಾಯಿತೆ? ಇಲ್ಲಿ ಉಡುಪಿಯ ಸೀಮೆ ಕೊಡುವ ಉತ್ತರವು ಪಾರ್ಮಾದ ಉತ್ತರಕ್ಕಿಂತ ಹಳೆಯದು, ಬಹುಶಃ ಹೆಚ್ಚು ಸೂಕ್ಷ್ಮವೂ ಆದುದು.

ಯಕ್ಷಗಾನದ ಹಳೆಯ ಮೇಳಗಳಲ್ಲಿ ಶಾಲೆ ಎಂಬುದಿರಲಿಲ್ಲ. ಮೇಳ ಸೇರಿದ ಹುಡುಗನಿಗೆ ಮೊದಲು ದೊರೆಯುತ್ತಿದ್ದುದು ಪೂರ್ವರಂಗದ ಕೋಡಂಗಿ ವೇಷ. ಅನಂತರ ಬಾಲಗೋಪಾಲ, ಆಮೇಲೆ ಸ್ತ್ರೀವೇಷ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಮೇಲೇರಬೇಕು. ಸಂಜೆಯ ಹೊತ್ತಿಗೆ ಕೋಡಂಗಿ ಕುಣಿದು ಮುಗಿಸಿದರೆ ಬೆಳಗಿನವರೆಗೆ ಅವನಿಗೆ ರಂಗದಲ್ಲಿ ಕೆಲಸವಿಲ್ಲ. ನಿದ್ದೆ ಹೋಗುವವನು ಚೌಕಿಯಲ್ಲಿ ನಿದ್ದೆ ಹೋದ. ಕಲಿಯುವ ಹಸಿವಿದ್ದವನು ರಂಗಸ್ಥಳದ ಬದಿಯಲ್ಲಿ ಕುಳಿತು ಹಿರಿಯರ ಒಡ್ಡೋಲಗವನ್ನೂ ಯುದ್ಧದ ಕುಣಿತವನ್ನೂ ಕಣ್ಣು ಕಿಸಿದು ನೋಡಿದ. ಆದರೆ ಅವನ ಆ ನೋಟ ಸಭೆಯವರ ನೋಟವಲ್ಲ. ಅದೇ ರಾತ್ರಿ, ಅದೇ ಮದ್ದಳೆಗೆ, ಅದೇ ನೆಲದ ಮೇಲೆ ಅವನ ಕಾಲು ಎಡವಿ ಬಂದಿದೆ. ತನ್ನ ಹೆಜ್ಜೆ ಎಲ್ಲಿ ತಾಳಕ್ಕಿಂತ ಹಿಂದೆ ಬಿತ್ತೋ ಅಲ್ಲಿ ಹಿರಿಯರ ಹೆಜ್ಜೆ ಹೇಗೆ ಬೀಳುತ್ತದೆಂದು ಕಾಣುವ ಕಣ್ಣು ಅವನಿಗೆ ಬಂದಿದೆ. ಕುಣಿದು, ನೋಡಿ, ಮತ್ತೆ ಮರುದಿನ ಕುಣಿಯುವುದು: ಇದು ಅವನ ಪಾಠಶಾಲೆ.

ಲಂಡನ್ನಿನಲ್ಲಿ 2005 ರಲ್ಲಿ ನಡೆದ ಸಂಶೋಧನೆಯೊಂದು ಕೋಡಂಗಿಯ ಈ ಗುಟ್ಟನ್ನೇ ಬಯಲಿಗೆಳೆಯಿತು. ಬ್ಯಾಲೆ ನರ್ತಕರಿಗೂ ಬ್ರೆಜಿಲಿನ ಕಪೊಯೆರಾ ಎಂಬ ಆಟವನ್ನು ಬಲ್ಲವರಿಗೂ ಎರಡೂ ಬಗೆಯ ಚಲನೆಗಳ ಚಿತ್ರಗಳನ್ನು ತೋರಿಸಿ ಮಿದುಳಿನ ವ್ಯಾಪಾರವನ್ನು ಅಳೆದರು. ತಾವು ಸ್ವತಃ ಕಲಿತ ಕುಣಿತವನ್ನು ಕಂಡಾಗ ಚಲನೆಯ ಕೇಂದ್ರಗಳು ಹೆಚ್ಚು ಎಚ್ಚೆತ್ತವು. ಬಡಗಿನ ಮಂಡಿಯನ್ನು ಅಭ್ಯಾಸ ಮಾಡಿದವನು ತೆಂಕಿನ ದಿಗಿಣವನ್ನು ಕಂಡು ಮೆಚ್ಚಿಯಾನು. ಅವನ ಮೊಣಕಾಲು ತವಕಿಸುವುದು ಮಾತ್ರ ಮಂಡಿಯನ್ನು ಕಂಡಾಗಲೇ ಎಂದು ಊಹಿಸಬಹುದು. ಕನ್ನಡಿ ನರಕೋಶಗಳೂ ಹುಟ್ಟಿನಿಂದ ಬಂದ ವರವಲ್ಲ, ಮಾಡಿದ್ದನ್ನೂ ಕಂಡದ್ದನ್ನೂ ಜೊತೆಜೊತೆಯಾಗಿ ಅನುಭವಿಸಿದುದರ ಫಲವೆಂದು ವಾದಿಸುವ ವಿದ್ವಾಂಸರಿದ್ದಾರೆ. ಅವರ ಪಕ್ಷವೇ ಹೆಚ್ಚು ಬಲವಾದುದೆಂದು ತೋರುತ್ತದೆ.

1971 ರಲ್ಲಿ ಉಡುಪಿಯ ಎಂ.ಜಿ.ಎಂ. ಕಾಲೇಜಿನ ಆಶ್ರಯದಲ್ಲಿ ಯಕ್ಷಗಾನ ಕೇಂದ್ರವು ಆರಂಭವಾದಾಗ ಶಿವರಾಮ ಕಾರಂತರು, ಕು. ಶಿ. ಹರಿದಾಸ ಭಟ್ಟರು ಮೊದಲಾದವರ ಮುಂದಿದ್ದ ಪ್ರಶ್ನೆಯೂ ಇದೇ ಜಾತಿಯದು: ಮೇಳದ ರಾತ್ರಿಗಳು ತಾವಾಗಿ ಕಲಿಸುತ್ತಿದ್ದುದನ್ನು ಶಾಲೆಯೊಂದು ಕಲಿಸಬಲ್ಲುದೆ? ವೀರಭದ್ರ ನಾಯಕರಂಥವರು ಹೆಜ್ಜೆಗೂ ಹಿರಿಯಡಕ ಗೋಪಾಲರಾಯರಂಥವರು ಮದ್ದಳೆಗೂ ಗುರುಗಳಾಗಿ ದೊರೆತುದು ಅದರ ಭಾಗ್ಯ. ಎದುರು ನಿಂತ ಗುರುವಿನ ಬಲ ಶಿಷ್ಯನ ಎಡ. ಎಳೆಯ ಮಕ್ಕಳು ಕನ್ನಡಿಯಲ್ಲಿ ಕಂಡಂತೆಯೇ ಅನುಕರಿಸುವುದು ಸಹಜ. ತಿದ್ದದಿದ್ದರೆ ತಪ್ಪೇ ಅಭ್ಯಾಸವಾಗಿ ಮೈಗೆ ಅಂಟಿಕೊಳ್ಳುತ್ತದೆ. ನೋಡಿ ಕಲಿಯುವುದು ಹಳೆಯ ದಾರಿಯಾದರೂ ಹಿಡಿದು ತಿದ್ದುವ ಕೈಯೊಂದು ಬೇಕೇ ಬೇಕು.

ಆ ಕೈ ಇಂದು ವಿರಳವಾಗುತ್ತಿದೆ. ಕಾಲಮಿತಿಯ ಪ್ರಯೋಗಗಳಲ್ಲಿ ಪೂರ್ವರಂಗಕ್ಕೆ ಸಮಯವಿಲ್ಲ; ಕೋಡಂಗಿಯ ಮೆಟ್ಟಿಲು ಬಹುಕಡೆ ಕಳಚಿಬಿದ್ದಿದೆ. ಅದರ ಸ್ಥಾನದಲ್ಲಿ ಮೊಬೈಲಿನ ಪರದೆ ಬಂದಿದೆ. ಪ್ರಸಿದ್ಧ ಕಲಾವಿದರ ಗಿರಕಿಯನ್ನು ಎಷ್ಟು ಸಲ ಬೇಕಾದರೂ ನೋಡಬಹುದು. ನೋಡಿದಷ್ಟೂ "ಇದು ನನಗೂ ಬಂತು" ಎಂಬ ಭಾವನೆ ಬಲಿಯುತ್ತದೆ. ಈ ಭಾವನೆಯ ಬಗೆಗೂ 2018 ರಲ್ಲಿ ಅಮೆರಿಕದಲ್ಲಿ ಪ್ರಯೋಗಗಳು ಪ್ರಕಟವಾದವು. ಪಾತ್ರೆಗಳು ಬೀಳದಂತೆ ಮೇಜಿನ ವಸ್ತ್ರವನ್ನು ಸರಕ್ಕನೆ ಎಳೆಯುವ ಚಮತ್ಕಾರದ ಚಿತ್ರವನ್ನು ಕೆಲವರು ಒಮ್ಮೆ, ಕೆಲವರು ಇಪ್ಪತ್ತು ಸಲ ನೋಡಿದರು. ಹೆಚ್ಚು ನೋಡಿದವರ ಆತ್ಮವಿಶ್ವಾಸ ಹೆಚ್ಚಿತ್ತು. ಬಾಣ ಎಸೆಯುವ ಆಟವನ್ನೂ ಹಿಮ್ಮುಖ ಜಾರುನಡಿಗೆಯನ್ನೂ ಹೀಗೆಯೇ ನೋಡಿಸಿ ಆಮೇಲೆ ಮಾಡಿಸಿದಾಗ, ಕೈಗೆ ಬಂದ ಕುಶಲತೆ ಮಾತ್ರ ಹೆಚ್ಚಿರಲಿಲ್ಲ. ಪರದೆಯಲ್ಲಿ ಕಾಣುವುದು ಕುಣಿತದ ರೇಖೆ. ಭಾರ ಯಾವ ಕಾಲಿನ ಮೇಲಿದೆ, ಉಸಿರು ಎಲ್ಲಿ ನಿಂತಿದೆ, ತಲೆಯ ಮೇಲಿನ ಕಿರೀಟ ಕುತ್ತಿಗೆಯನ್ನು ಎಷ್ಟು ಎಳೆಯುತ್ತಿದೆ, ಇವು ಕಾಣುವುದಿಲ್ಲ. ಪೋಷಕರು ಸಭಾಂಗಣದಲ್ಲಿ ಚಪ್ಪಾಳೆ ತಟ್ಟುವ ಮುನ್ನ ಮಗುವಿನ ಮೊಣಕಾಲನ್ನೊಮ್ಮೆ ನೋಡುವುದು ಒಳ್ಳೆಯದು.

ಉಡುಪಿಯ ವಿಟ್ಲಪಿಂಡಿಯ ದಿನ ಇದಕ್ಕೆ ಪ್ರತಿಯಾದ ದೃಶ್ಯವೊಂದು ಬೀದಿಯಲ್ಲೇ ಸಿಗುತ್ತದೆ. ಹುಲಿವೇಷದ ತಂಡದ ತಾಸೆ ಮೊಳಗಿದೊಡನೆ ಅಂಗಡಿಯ ಜಗಲಿಯ ಮೇಲೆ ನಿಂತವರ ಭುಜಗಳೂ ಕುಣಿಯುತ್ತವೆ. ಮುಂದಾಳು ಅಕ್ಕಿಯ ಮುಡಿಯನ್ನು ಹಲ್ಲಿನಿಂದ ಕಚ್ಚಿ ಹಿಂದಕ್ಕೆಸೆಯುವಾಗ ನೋಡುವವರ ದವಡೆ ಬಿಗಿಯುತ್ತದೆ. ತಂಡದ ತುದಿಯಲ್ಲಿ ಮೈಗೆಲ್ಲ ಬಣ್ಣ ಬಳಿದುಕೊಂಡ ಮರಿಹುಲಿಯೊಂದಿರುತ್ತದೆ. ಅದು ಮುಂದಾಳನ್ನು ನೋಡುವುದೇ ಇಲ್ಲ. ತನಗಿಂತ ಎರಡು ವರ್ಷ ದೊಡ್ಡವನಾದ ಪಕ್ಕದ ಹುಲಿಯ ಕಾಲನ್ನೇ ನೋಡುತ್ತದೆ. ತನ್ನ ಮೈಗೆ ಎಟುಕುವಷ್ಟನ್ನೇ ಆರಿಸಿಕೊಳ್ಳುವ ಈ ಜಾಣ್ಮೆಯನ್ನು ಅದಕ್ಕೆ ಯಾರು ಹೇಳಿಕೊಟ್ಟರೋ!

ಉಡುಪಿಯಿಂದ ಗುಡ್ಡವೇರಿದರೆ ಮಣಿಪಾಲ. ಡಾಕ್ಟರ್ ಟಿ. ಎಂ. ಎ. ಪೈಗಳು 1953 ರಲ್ಲಿ ಕಸ್ತೂರಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದ ಈ ಊರಿನಲ್ಲಿ ಫಿಸಿಯೋಥೆರಪಿ ಕಲಿಯುವ ತರುಣ ತರುಣಿಯರಿಗೆ ಮೇಲಿನ ವಿಚಾರವೆಲ್ಲ ವಿನೋದದ ಮಾತಲ್ಲ. ಪಾರ್ಶ್ವವಾಯುವಿನಿಂದ ಕೈ ಬಿದ್ದುಹೋದವರಿಗೆ ನೋಟದ ಮೂಲಕ ನೆರವಾಗುವ ಎರಡು ಉಪಾಯಗಳು ಈಗ ಪ್ರಪಂಚದ ಹಲವೆಡೆ ಬಳಕೆಯಲ್ಲಿವೆ. ಒಂದು, ತಮಿಳುನಾಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲಸಿದ ವಿ. ಎಸ್. ರಾಮಚಂದ್ರನ್ ಅವರು 1990 ರ ದಶಕದಲ್ಲಿ, ಕೈ ಕಳೆದುಕೊಂಡವರ ಇಲ್ಲದ ಕೈಯ ನೋವಿಗೆಂದು ಕಂಡುಹಿಡಿದ ಕನ್ನಡಿ ಪೆಟ್ಟಿಗೆಯಿಂದ ಬೆಳೆದದ್ದು: ಒಳ್ಳೆಯ ಕೈಯ ಪ್ರತಿಬಿಂಬವನ್ನು ಬಿದ್ದ ಕೈಯಿರುವ ಜಾಗದಲ್ಲಿ ಕಾಣುವಂತೆ ಮಾಡುವುದು. ಇನ್ನೊಂದು ಇನ್ನೂ ಸರಳ. ಮತ್ತೊಬ್ಬರು ನಿತ್ಯದ ಕೆಲಸವೊಂದನ್ನು ಮಾಡುವ ಚಿತ್ರವನ್ನು ರೋಗಿಗೆ ತೋರಿಸುತ್ತಾರೆ. ಕೂಡಲೇ ಅದೇ ಕೆಲಸಕ್ಕೆ ಅವನನ್ನು ಹಚ್ಚುತ್ತಾರೆ. ಎರಡರಿಂದಲೂ ಕೈಗೆ ಸ್ವಲ್ಪಮಟ್ಟಿನ ಪ್ರಯೋಜನವಿದೆಯೆಂದು ಪರೀಕ್ಷೆಗಳು ತಿಳಿಸಿವೆ. ಎಲ್ಲರಿಗೂ ಸಮನಾಗಿ ಅಲ್ಲ; ಮಾಡುವ ಅಭ್ಯಾಸವನ್ನು ಬಿಟ್ಟು ನೋಡುವುದರಿಂದಲೂ ಅಲ್ಲ.

ಲೋಟವನ್ನೆತ್ತಿ ಕುಡಿಯುವ ಕೆಲಸವನ್ನೇ ತೆಗೆದುಕೊಳ್ಳಿ. ಆರೋಗ್ಯವಂತನಿಗೆ ಅದು ಕೆಲಸವೇ ಅಲ್ಲ. ಚಿಕಿತ್ಸೆಯಲ್ಲಿ ಅದನ್ನು ತುಂಡುತುಂಡಾಗಿ ತೋರಿಸುತ್ತಾರೆ: ಕೈ ಚಾಚುವುದು, ಬೆರಳು ಬಿಚ್ಚುವುದು, ಹಿಡಿಯುವುದು, ಎತ್ತುವುದು, ತುಟಿಗೆ ತರುವುದು. ಅರುವತ್ತು ವರ್ಷ ದಿನವೂ ಬೆಳಗ್ಗೆ ಕಾಫಿಯ ಲೋಟವನ್ನೆತ್ತಿದ ಹಿರಿಯರೊಬ್ಬರು ಕೆಲವು ನಿಮಿಷ ಕೈಯೊಂದು ಲೋಟದತ್ತ ಚಾಚುವುದನ್ನೇ ನೋಡುತ್ತಾರೆ. ಅವರ ಕಣ್ಣು ಕೋಡಂಗಿಯ ಕಣ್ಣಿನಂತೆಯೇ ಹಸಿದದ್ದು. ಅವರ ಕೈಗೂ ಒಂದು ಕಾಲಕ್ಕೆ ಆ ಕೆಲಸ ಗೊತ್ತಿತ್ತು. ಚಿತ್ರ ನಿಲ್ಲುತ್ತದೆ, ಮೇಜಿನ ಮೇಲೆ ಖಾಲಿ ಲೋಟವನ್ನಿಡುತ್ತಾರೆ. ಮೊದಲ ದಿನ ಲೋಟ ಮೇಲೇಳುವುದಿಲ್ಲ. ಎಷ್ಟೋ ದಿನಗಳ ಮೇಲೆ ತೋರುಬೆರಳು ಅದರ ಅಂಚನ್ನು ತಾಗೀತು. ಆಗ ಬಳಿಯಲ್ಲಿ ಕುಳಿತ ಮನೆಯವರ ಬೆರಳುಗಳೂ ಅವರಿಗರಿವಿಲ್ಲದೆ ಗಾಳಿಯಲ್ಲಿ ಮಡಿಯುತ್ತವೆ. ಚಿತ್ರವನ್ನು ಮತ್ತೆ ಮೊದಲಿನಿಂದ ಹಾಕುತ್ತಾರೆ.