ಓದಿನಲ್ಲಿ ಪದಗಳು ನೆಲೆಗೊಳ್ಳುವ ಬಗೆ

ಬರಹಗಾರರ ಶಬ್ದಸಂಪತ್ತು ಬಹುಪಾಲು ಅವರ ಅರಿವಿಗೆ ಬಾರದಂತೆಯೇ ಬೆಳೆಯುತ್ತದೆ. ಗಮನವೆಲ್ಲ ಕಥೆಯ ಮೇಲಿರುವಾಗ, ಅಪರಿಚಿತ ಪದವೊಂದರ ಅರ್ಥವನ್ನು ಸುತ್ತಲಿನ ವಾಕ್ಯಗಳಿಂದ ಊಹಿಸಿಕೊಳ್ಳುತ್ತ ಸಾಗುವ ಈ ಕ್ರಿಯೆಯನ್ನು ಪ್ರಾಸಂಗಿಕ ಕಲಿಕೆ ಎನ್ನಬಹುದು.

ಇದನ್ನು ಪರೀಕ್ಷಿಸಲು ಸಾರಗಿ, ನೇಶನ್ ಮತ್ತು ಮೈಸ್ಟರ್ ಎಂಬ ಸಂಶೋಧಕರು ಆರಿಸಿಕೊಂಡದ್ದು ಆಂಥೊನಿ ಬರ್ಜೆಸ್ ಅವರ ‘ಎ ಕ್ಲಾಕ್‌ವರ್ಕ್ ಆರೆಂಜ್’ (1962) ಕಾದಂಬರಿಯನ್ನು. ಅದರ ನಿರೂಪಕ ಬಳಸುವ, ಹೆಚ್ಚಾಗಿ ರಷ್ಯನ್ ಮೂಲದ ಇನ್ನೂರಕ್ಕೂ ಹೆಚ್ಚು ಪದಗಳು ಲೇಖಕರೇ ಕಟ್ಟಿದವಾದ್ದರಿಂದ, ಓದುಗರಿಗೆ ಅವು ಮೊದಲೇ ತಿಳಿದಿರುವ ಸಾಧ್ಯತೆ ಇರಲಿಲ್ಲ. ಪದಗಳ ಪರೀಕ್ಷೆ ನಡೆಯಲಿದೆ ಎಂಬ ಸುಳಿವಿಲ್ಲದೆ, ಅರ್ಥಸೂಚಿಯ ನೆರವೂ ಇಲ್ಲದೆ ಕಾದಂಬರಿಯನ್ನು ಓದಿ ಮುಗಿಸಿದವರಿಗೆ 90 ಪದಗಳ ಅರ್ಥವನ್ನು ಕೇಳಿದಾಗ, ಸರಾಸರಿ ಮುಕ್ಕಾಲು ಭಾಗದಷ್ಟನ್ನು ಅವರು ಸರಿಯಾಗಿ ಗುರುತಿಸಿದರೆಂದು 1978ರ ವರದಿ ತಿಳಿಸುತ್ತದೆ.

ಆದರೆ ಈ ಫಲಿತಾಂಶವನ್ನು ಎಲ್ಲ ಬಗೆಯ ಓದಿಗೂ ಅನ್ವಯಿಸಲಾಗದು, ಏಕೆಂದರೆ ಆ ಪದಗಳು ಕಾದಂಬರಿಯಲ್ಲಿ ಸರಾಸರಿ ಸುಮಾರು 15 ಬಾರಿ ಮರಳಿ ಬರುತ್ತವೆ. ಶಾಲಾ ವಿದ್ಯಾರ್ಥಿಗಳ ಸಹಜ ಓದನ್ನು ಕುರಿತ 20 ಪ್ರಯೋಗಗಳನ್ನು ಸ್ವಾನ್‌ಬಾರ್ನ್ ಮತ್ತು ಡಿ ಗ್ಲಾಪರ್ 1999ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಕಲಿಕೆಯ ಪ್ರಮಾಣ ನೂರು ಅಪರಿಚಿತ ಪದಗಳಿಗೆ ಸುಮಾರು 15 ಮಾತ್ರ ಎಂದು ಕಂಡುಬಂತು. ಒಂದು ಭೇಟಿಯಲ್ಲಿ ಪದದ ರೂಪವೋ ಭಾವದ ಛಾಯೆಯೋ ಅಷ್ಟಿಷ್ಟು ಉಳಿಯುತ್ತದೆ. ಬೇರೆ ಬೇರೆ ಸಂದರ್ಭಗಳಲ್ಲಿ ಮತ್ತೆ ಕಂಡಾಗಲೇ ಅದರ ಅರ್ಥವ್ಯಾಪ್ತಿ ಸ್ಪಷ್ಟವಾಗುತ್ತದೆ. ಆದ್ದರಿಂದ ಓದಿನ ಪ್ರಮಾಣವೇ ಇಲ್ಲಿ ನಿರ್ಣಾಯಕ.

ಇಷ್ಟನ್ನು ಮಾತುಕತೆಯಿಂದಲೇ ಪಡೆಯಲಾಗದೇ ಎಂಬ ಪ್ರಶ್ನೆಗೆ ಹೇಯ್ಸ್ ಮತ್ತು ಆರೆನ್ಸ್ ಅವರ 1988ರ ಅಧ್ಯಯನದಲ್ಲಿ ಅಚ್ಚರಿಯ ಉತ್ತರವಿದೆ. ಅವರು ಪರಿಶೀಲಿಸಿದ ಇಂಗ್ಲಿಷ್ ಸಾಮಗ್ರಿಯಲ್ಲಿ, ಕಾಲೇಜು ಪದವೀಧರರ ಮಾತುಕತೆಗಿಂತ ಮಕ್ಕಳ ಪುಸ್ತಕಗಳಲ್ಲೇ ಅಪರೂಪದ ಪದಗಳು ಹೆಚ್ಚಾಗಿದ್ದವು. ಕನ್ನಡದಲ್ಲಿಯೂ, ಮಲೆನಾಡಿನ ಕಾಡು, ಬೇಸಾಯ, ಮನೆವಾರ್ತೆಗಳ ನುಡಿಯನ್ನು ಎಂದೂ ಕೇಳಿರದ ನಗರವಾಸಿಗೆ ಅದು ದಕ್ಕುವುದು ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ತರಹದ ಕೃತಿಗಳಲ್ಲಿ.

ಹಾಗೆಂದು ಓದಿದ ಪದಗಳೆಲ್ಲ ತಾವಾಗಿಯೇ ಲೇಖನಿಗೆ ಇಳಿಯುವುದಿಲ್ಲ. ಕಂಡಾಗ ಗುರುತಿಸಬಲ್ಲ ಪದಗಳನ್ನು ಗ್ರಹಿಕೆಯ ಶಬ್ದಭಂಡಾರವೆಂದೂ, ಬೇಕಾದಾಗ ತಾನೇ ತಂದು ಬಳಸಬಲ್ಲ ಪದಗಳನ್ನು ಬಳಕೆಯ ಶಬ್ದಭಂಡಾರವೆಂದೂ ವಿಂಗಡಿಸಿದರೆ, ಮೊದಲನೆಯದು ಯಾವಾಗಲೂ ದೊಡ್ಡದು. ಕಂಡದ್ದನ್ನು ಗುರುತಿಸುವುದಕ್ಕಿಂತ, ಕಣ್ಣೆದುರು ಇಲ್ಲದ್ದನ್ನು ನೆನಪಿನಿಂದ ಹೊರತೆಗೆಯುವುದು ಮಿದುಳಿಗೆ ಕಷ್ಟದ ಕೆಲಸ. ಹಾಗೆ ಹೊರತೆಗೆದ ಪ್ರತಿ ಸಲವೂ ಆ ನೆನಪು ಬಲಗೊಳ್ಳುವುದರಿಂದ, ಓದಿದ ಪದವೊಂದನ್ನು ಸ್ವಂತ ವಾಕ್ಯದಲ್ಲಿ ಬಳಸಿದ ಬರಹಗಾರನಿಗೆ ಮುಂದಿನ ಸಲ ಅದು ಹೆಚ್ಚು ಸುಲಭವಾಗಿ ಒದಗುತ್ತದೆ.